ಬೈಕಿಗೆ ಲಿಥಿಯಂ ಬ್ಯಾಟರಿ: ಕೊಳ್ಳುವ ಮೊದಲು ಮೀಟರು ಹಿಡಿಯಿರಿ

ಹುಡಗಿ, ಹುಮನಾಬಾದ್, ರಾಜೇಶ್ವರ, ಬಸವಕಲ್ಯಾಣದ ಸೀಮೆಯಲ್ಲಿ ಮೋಟರ್‌ಸೈಕಲ್ ಬ್ಯಾಟರಿಗೆ ವರ್ಷದಲ್ಲಿ ಎರಡು ಕಷ್ಟದ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಅದರ ಆಯುಷ್ಯವನ್ನು ಒಳಗೊಳಗೇ ತಿನ್ನುತ್ತದೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ಆ ಪೆಟ್ಟು ಹೊರಬೀಳುತ್ತದೆ: ಬೆಳಗ್ಗೆ ಗುಂಡಿ ಒತ್ತಿದರೆ ‘ಟಕ್ ಟಕ್’ ಅನ್ನುತ್ತದೆ, ಸೆಲ್ಫ್ ಎತ್ತುವುದಿಲ್ಲ. ಸೀಸ-ಆಸಿಡ್ ಬ್ಯಾಟರಿಯ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಅದರ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನಲ್ಲಿರುವವರೆಲ್ಲ ಒಪ್ಪುವ ಲೆಕ್ಕ. ಚಳಿಗಾಲದಲ್ಲಿ ‘ಡೌನ್’ ಆದ ಬ್ಯಾಟರಿಗೆ ಬಹಳ ಸಲ ಕಾರಣ ಹಿಂದಿನ ಬೇಸಿಗೆಯೇ.

ಹೀಗೆ ಡೌನ್ ಆದಾಗ ಈಗ ಹೊಸದೊಂದು ಸಲಹೆ ಸಿಗುತ್ತಿದೆ. “ಲಿಥಿಯಂ ಹಾಕಿಸ್ರಿ, ಆಮ್ಯಾಲ ಬ್ಯಾಟ್ರಿ ಕಡಿ ನೋಡೋದೇ ಬ್ಯಾಡ.” ಕೈಯಲ್ಲಿ ಹಿಡಿದರೆ ಹಗುರ, ನೀರು ಹಾಕುವ ತಾಪತ್ರಯವಿಲ್ಲ, ಆಸಿಡ್ ಸೋರುವ ಭಯವಿಲ್ಲ. ಬೆಲೆ ಮಾತ್ರ ಸೀಸದ ಬ್ಯಾಟರಿಯ ಮೂರ್ನಾಲ್ಕು ಪಟ್ಟು. ಕೊಟ್ಟ ದುಡ್ಡಿಗೆ ತಕ್ಕ ಲಾಭ ಇದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ದಿನವೂ ಹೊಲಕ್ಕೋ ಹುಮನಾಬಾದಿಗೋ ಓಡುವ, ಕಿಕ್ ಇರುವ 100-125 ಸಿಸಿ ಗಾಡಿಗೆ ಬೇಡ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ, ಸೆಲ್ಫ್ ಬಿಟ್ಟರೆ ಗತಿಯಿಲ್ಲದ ದೊಡ್ಡ ಗಾಡಿಗೆ ಅದು ಒಳ್ಳೆಯ ಆಯ್ಕೆ. ಆದರೆ ಗಾಡಿಯ ಚಾರ್ಜಿಂಗ್ ಸರಿಯಿರಬೇಕು, ಕೊಳ್ಳುವ ಬ್ಯಾಟರಿಯ ಒಳಗೆ ಏನಿದೆ ಎಂದು ಗೊತ್ತಿರಬೇಕು.

ಒಳಗೇನಿದೆ

ಸೀಸದ 12 ವೋಲ್ಟ್ ಬ್ಯಾಟರಿಯೊಳಗೆ ಸುಮಾರು 2.1 ವೋಲ್ಟಿನ ಆರು ಸೆಲ್‌ಗಳು ಸಾಲಾಗಿರುತ್ತವೆ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವಾಗ ಅದು 12.7 ವೋಲ್ಟಿನ ಆಸುಪಾಸು ತೋರಿಸುತ್ತದೆ. ಬೈಕಿಗೆಂದು ಮಾಡಿದ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ನಾಲ್ಕೇ ಸೆಲ್. ಅವು ಲಿಥಿಯಂ ಐರನ್ ಫಾಸ್ಫೇಟ್ ಜಾತಿಯವು. ಅಂಗಡಿಯಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. ಒಂದೊಂದೂ 3.2 ವೋಲ್ಟ್, ನಾಲ್ಕೂ ಸೇರಿ 12.8. ಒಂದು ಸೆಲ್ಲಿಗೆ ಗರಿಷ್ಠ 3.65 ವೋಲ್ಟಿನಂತೆ ಇಡೀ ಬ್ಯಾಟರಿಯ ಮಿತಿ 14.6 ವೋಲ್ಟ್. ಬೈಕಿನ ಚಾರ್ಜಿಂಗ್ ವ್ಯವಸ್ಥೆ ಕೊಡುವುದೂ ಹೆಚ್ಚುಕಡಿಮೆ 14ರಿಂದ 14.5 ವೋಲ್ಟ್. ಈ ಎರಡು ಅಂಕಿಗಳು ಹೊಂದಿಕೊಂಡಿದ್ದರಿಂದಲೇ ಎಲ್‌ಎಫ್‌ಪಿ ಬೈಕಿಗೆ ಒಗ್ಗಿತು. ಬೇರೆ ಲಿಥಿಯಂ ಜಾತಿಗಳು ಹೀಗೆ ಹೊಂದುವುದಿಲ್ಲ. ಆ ವಿಷಯ ಮುಂದೆ ಬರುತ್ತದೆ, ಏಕೆಂದರೆ ನಮ್ಮ ಭಾಗದಲ್ಲಿ ಅಪಾಯ ಇರುವುದು ಅಲ್ಲಿಯೇ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್ ಅವರ ತಂಡ ಎಲ್‌ಎಫ್‌ಪಿ ವಸ್ತುವಿನ ಬಗ್ಗೆ 1997ರಲ್ಲಿ ಪ್ರಬಂಧ ಪ್ರಕಟಿಸಿತು. ಗುಡಿನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ಈ ಜಾತಿಯಲ್ಲಿ ಆಮ್ಲಜನಕವು ಫಾಸ್ಫೇಟಿನೊಳಗೆ ಗಟ್ಟಿಯಾಗಿ ಬಂಧಿಯಾಗಿರುತ್ತದೆ. ಬಿಸಿಯಾದರೂ ಅದು ಸುಲಭಕ್ಕೆ ಬಿಡುಗಡೆಯಾಗುವುದಿಲ್ಲ. ಮೊಬೈಲಿನ ಬ್ಯಾಟರಿಗಿಂತ ಎಲ್‌ಎಫ್‌ಪಿಗೆ ಬೆಂಕಿಯ ಭಯ ಕಡಿಮೆ ಎನ್ನುವುದು ಈ ಕಾರಣಕ್ಕೆ. ಭಯ ಪೂರ್ತಿ ಇಲ್ಲವೆಂದಲ್ಲ. ಮಿತಿ ಮೀರಿ ಚಾರ್ಜ್ ಮಾಡಿದರೆ ಅದೂ ಉಬ್ಬುತ್ತದೆ, ಹೊಗೆ ಉಗುಳುತ್ತದೆ.

2022ರಲ್ಲಿ ಬ್ಯಾಟರಿ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿಗಳು ಒಂದರ ಮೇಲೊಂದು ಬಂದವು. ಬಳಿಕ ಕೇಂದ್ರ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿತು. ಆ ನಿಯಮ ಗಾಡಿಯನ್ನೇ ಓಡಿಸುವ ಬ್ಯಾಟರಿಗಳದ್ದು. ಪೆಟ್ರೋಲ್ ಬೈಕಿನ ಸ್ಟಾರ್ಟಿಂಗ್ ಬ್ಯಾಟರಿ ಅದರೊಳಗೆ ಬರುವುದಿಲ್ಲ. ಆದ್ದರಿಂದ ನಾವು ಕೊಳ್ಳುವ ಬ್ಯಾಟರಿಯನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.

ಮೊದಲು ಗಾಡಿಯ ಚಾರ್ಜಿಂಗ್ ನೋಡಿ

ಬ್ಯಾಟರಿ ಪದೇಪದೇ ಡೌನ್ ಆಗುತ್ತಿದ್ದರೆ ತಪ್ಪು ಬ್ಯಾಟರಿಯದೇ ಆಗಿರಬೇಕಿಲ್ಲ. ಮ್ಯಾಗ್ನೆಟ್ಟಿನ ಕಾಯಿಲ್ ಸುಟ್ಟಿರಬಹುದು, ರೆಗ್ಯುಲೇಟರ್ ಕೆಟ್ಟಿರಬಹುದು, ಅರ್ಥಿಂಗ್ ವೈರು ತುಕ್ಕು ಹಿಡಿದಿರಬಹುದು. ಇಂಥ ಗಾಡಿಗೆ ಲಿಥಿಯಂ ಹಾಕಿದರೆ ಸಾವಿರದ ಬದಲು ಮೂರ್ನಾಲ್ಕು ಸಾವಿರ ಕಳೆದುಕೊಳ್ಳುತ್ತೀರಿ, ಅಷ್ಟೇ.

ಪರೀಕ್ಷೆಗೆ ಬೇಕಾದದ್ದು ಒಂದು ಡಿಜಿಟಲ್ ಮೀಟರ್. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಮೋಟರ್ ಪಂಪು ಇದ್ದವರ ಹತ್ತಿರ ಹೇಗೂ ಇರುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಬೆಳಗ್ಗೆ ಮೀಟರು ಹಿಡಿದು ಡಿಸಿ 20 ವೋಲ್ಟಿನ ಸ್ಥಾನದಲ್ಲಿ ಓದಿ. ಸೀಸದ ಬ್ಯಾಟರಿ 12.4ಕ್ಕಿಂತ ಕೆಳಗಿದ್ದರೆ ಅದು ಪೂರ್ತಿ ಚಾರ್ಜ್ ಆಗುತ್ತಿಲ್ಲ. ಈಗ ಗುಂಡಿ ಒತ್ತುತ್ತಲೇ ಅಂಕಿ ನೋಡಿ: ಸೆಲ್ಫ್ ತಿರುಗುವ ಆ ಕ್ಷಣದಲ್ಲಿ ಅದು 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಟರ್ಮಿನಲ್ಲನ್ನು ಮೊದಲು ಬಿಗಿ ಮಾಡಿ ಇನ್ನೊಮ್ಮೆ ನೋಡಿ.

ಇನ್ನು ಎಂಜಿನ್ ಓಡುತ್ತಿರುವಾಗಿನ ಓದು. ಲಿಥಿಯಂ ಆಯ್ಕೆಗೆ ಮುಖ್ಯವಾದದ್ದು ಇದೇ. ಐಡಲ್‌ನಲ್ಲಿ ಒಮ್ಮೆ, ಆ್ಯಕ್ಸಿಲರೇಟರ್ ತಿರುವಿ ಎಂಜಿನ್ನನ್ನು ನಾಲ್ಕೈದು ಸಾವಿರ ಸುತ್ತಿಗೆ ಏರಿಸಿ ಇನ್ನೊಮ್ಮೆ. ಇಂಡಿಕೇಟರ್, ಬ್ರೇಕ್ ಲೈಟು ಎಲ್ಲ ಹಾಕಿ ಮತ್ತೊಮ್ಮೆ. ಏರಿದ ಸುತ್ತಿನಲ್ಲಿ 13.8ರಿಂದ 14.6ರೊಳಗೆ ನಿಂತರೆ ಗಾಡಿ ಲಿಥಿಯಂಗೆ ಯೋಗ್ಯ. 13.5 ದಾಟುವುದೇ ಇಲ್ಲವೆಂದರೆ ಲಿಥಿಯಂ ಎಂದೂ ತುಂಬುವುದಿಲ್ಲ. 14.8 ದಾಟಿತೋ, ರೆಗ್ಯುಲೇಟರ್ ಬದಲಾಯಿಸುವ ತನಕ ಲಿಥಿಯಂ ಮಾತೇ ಎತ್ತಬೇಡಿ. ಸೀಸದ ಬ್ಯಾಟರಿ ಹೆಚ್ಚಿನ ವೋಲ್ಟೇಜನ್ನು ನೀರು ಆವಿ ಮಾಡಿಕೊಂಡು ಹೇಗೋ ತಡೆದುಕೊಳ್ಳುತ್ತದೆ. ಲಿಥಿಯಂಗೆ ಆ ಸಹನೆ ಇಲ್ಲ.

ಎಂಜಿನ್ ಪೂರ್ತಿ ಕಾದಿರುವಾಗ, ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ತಾಸು ಓಡಿಸಿ ಬಂದು ಈ ಓದು ತೆಗೆದುಕೊಳ್ಳಿ. ರೆಗ್ಯುಲೇಟರ್ ತಣ್ಣಗಿರುವಾಗ ಸರಿಯಿದ್ದು ಕಾದ ಮೇಲೆ ಹಾದಿ ತಪ್ಪುವುದುಂಟು.

ಕಿಕ್ ಮಾತ್ರ ಇದ್ದ ಹಳೆಯ 100 ಸಿಸಿ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಹೆಡ್‌ಲೈಟು ಮ್ಯಾಗ್ನೆಟ್ಟಿನಿಂದಲೇ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಬ್ಯಾಟರಿಗೆ ಹೋಗುವುದು ಕರೆಂಟಿನ ಅರ್ಧ ಪಾಲು, ಅದೂ ತುಂಡುತುಂಡಾಗಿ. ಹಾರ್ನು, ಇಂಡಿಕೇಟರಿಗೆ ಮಾತ್ರ ಇರುವ 2.5 ಆಂಪಿಯರ್-ಅವರ್ ಬ್ಯಾಟರಿ ಅಲ್ಲಿಗೆ ಸಾಕು. ಅಂಥ ಗಾಡಿಗೆ ಲಿಥಿಯಂ ಹಾಕುವುದು ದುಡ್ಡು ಚೆಲ್ಲಿದಂತೆ. ಇನ್ನೂ ಹಳೆಯ ರಾಜದೂತ, ಯೆಜ್ಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮ ಕಡೆ ಇದ್ದಾರೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದು ಮುಚ್ಚಿತು, ಅದರ ಗಾಡಿಗಳು ಮಾತ್ರ ಇನ್ನೂ ಸದ್ದು ಮಾಡುತ್ತಿವೆ. ಅವುಗಳಲ್ಲಿ ಬಹಳಷ್ಟು 6 ವೋಲ್ಟಿನವು. 12 ವೋಲ್ಟಿಗೆ ಪರಿವರ್ತಿಸಿದ ಗಾಡಿಯಾದರೂ ಹೊಸ ಕಿಟ್ಟಿನಲ್ಲಿ ಒಳ್ಳೆಯ ರೆಗ್ಯುಲೇಟರ್ ಇದೆಯೇ ಎಂದು ಇದೇ ಮೀಟರಿನಿಂದ ಖಾತ್ರಿ ಮಾಡಿಕೊಳ್ಳಬೇಕು.

ಪಂಪಿನ ಬ್ಯಾಟರಿ ಗಾಡಿಗೆ ಬೇಡ

“ಅಣ್ಣಾ, ಔಷಧ ಹೊಡಿಯೋ ಪಂಪಿನ ಲಿಥಿಯಂ ಬ್ಯಾಟ್ರಿ ಮನ್ಯಾಗ ಅದ. ಅದನ್ನೇ ಗಾಡಿಗ ಹಾಕಿದ್ರ ನಡಿತದೇನ್ರಿ?” ತೊಗರಿ, ಸೋಯಾ ಬೆಳೆಯುವ ಈ ಸೀಮೆಯಲ್ಲಿ ಇದು ಸಹಜವಾದ ಪ್ರಶ್ನೆ. ಬೆನ್ನಿಗೆ ಕಟ್ಟುವ ಬ್ಯಾಟರಿ ಪಂಪು ಮನೆಮನೆಯಲ್ಲಿದೆ. ಅದರ ಮೇಲೂ 12 ವೋಲ್ಟ್ ಎಂದೇ ಬರೆದಿರುತ್ತದೆ.

ಹಾಕಬಾರದು. ಅಂಥ ಪ್ಯಾಕನ್ನು ಬಿಚ್ಚಿದರೆ ನೀಲಿ ಪ್ಲಾಸ್ಟಿಕ್ಕಿನೊಳಗೆ ಬೆರಳುಗಾತ್ರಕ್ಕಿಂತ ಸ್ವಲ್ಪ ದಪ್ಪನೆಯ ದುಂಡು ಸೆಲ್‌ಗಳು, ಅವುಗಳ ತುದಿಗೆ ಬೆಸೆದ ತೆಳ್ಳನೆಯ ನಿಕ್ಕಲ್ ಪಟ್ಟಿ, ಮೇಲೊಂದು ಪುಟ್ಟ ಹಸಿರು ಬೋರ್ಡು ಕಾಣುತ್ತವೆ. ಬಹಳ ಪ್ಯಾಕ್‌ಗಳಲ್ಲಿ ಇರುವುದು ಎಲ್‌ಎಫ್‌ಪಿ ಅಲ್ಲ, ಲ್ಯಾಪ್‌ಟಾಪಿನಲ್ಲಿರುವಂಥ ಎನ್‌ಎಂಸಿ ಜಾತಿ. ಮೂರು ಸೆಲ್ ಸಾಲಾಗಿ ಸೇರಿಸಿರುತ್ತಾರೆ. ಒಂದು ಸೆಲ್ಲಿನ ಗರಿಷ್ಠ ಮಿತಿ 4.2 ವೋಲ್ಟ್, ಮೂರಕ್ಕೆ 12.6. ಇದಕ್ಕೆ ಬೈಕಿನ 14.4 ವೋಲ್ಟ್ ಕೊಟ್ಟರೆ ಒಂದೊಂದು ಸೆಲ್ಲಿಗೆ 4.8 ಬೀಳುತ್ತದೆ. ಬೆಂಕಿ ಹತ್ತಲು ಬೇಕಾದದ್ದು ಇಷ್ಟೇ. ಪೆಟ್ರೋಲ್ ಟ್ಯಾಂಕಿನ ಒಂದು ಗೇಣು ಹಿಂದೆ ಅದು ಕೂತಿರುತ್ತದೆ ಎಂಬುದನ್ನು ನೆನಪಿಡಿ. ಆ ಹಸಿರು ಬೋರ್ಡು ಕರೆಂಟನ್ನು ಕಡಿದು ಕಾಪಾಡೀತು ಅನ್ನಬಹುದು. ಆದರೆ ಅದು ಪಂಪಿನ ಸಣ್ಣ ಮೋಟರಿಗೆಂದು ಮಾಡಿದ್ದು, ಕೆಲವೇ ಆಂಪಿಯರ್ ತಡೆಯುವಂಥದ್ದು. ಬೈಕಿನ ಸೆಲ್ಫ್ ಮೋಟರ್ ಒಂದು ಕ್ಷಣಕ್ಕೆ ಹತ್ತಾರು ಆಂಪಿಯರ್ ಎಳೆಯುತ್ತದೆ. ಬುಲೆಟ್ಟಿನಂಥ ಗಾಡಿಯಲ್ಲಿ ಇನ್ನೂ ಹೆಚ್ಚು.

ಎನ್‌ಎಂಸಿಯ ನಾಲ್ಕು ಸೆಲ್ ಹಾಕಿ ಕಟ್ಟಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಆಗ ಸೆಲ್ಲಿಗೆ ಸಿಗುವುದು 3.6 ವೋಲ್ಟ್. ಅಪಾಯ ಕಡಿಮೆ, ಆದರೆ ಬ್ಯಾಟರಿ ಅರ್ಧವೂ ತುಂಬುವುದಿಲ್ಲ. ಇ-ರಿಕ್ಷಾದ ಹಳೆಯ ಪ್ಯಾಕಿನಿಂದ ಕಿತ್ತ ಸೆಲ್‌ಗಳಿಂದ ಮಾಡಿದ ಅಗ್ಗದ ಬ್ಯಾಟರಿಯನ್ನಂತೂ ಮುಟ್ಟಲೇಬೇಡಿ. ಬಳಸಿದ ಸೆಲ್‌ಗಳು ಒಂದೇ ಸಮನಾಗಿ ಸವೆದಿರುವುದಿಲ್ಲ. ದುರ್ಬಲವಾದ ಒಂದು ಸೆಲ್ ಉಳಿದವಕ್ಕಿಂತ ಮೊದಲು ಮಿತಿ ಮೀರುತ್ತದೆ.

ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟೇ: “ಇದು ನಾಲ್ಕು ಸೆಲ್ಲಿನ ಎಲ್‌ಎಫ್‌ಪಿನಾ? ಡಬ್ಬಿಯ ಮೇಲೆ ಎಲ್ಲಿ ಬರೆದದ?” ಡಬ್ಬಿಯ ಮೇಲೆ 12.8 ವೋಲ್ಟ್ ಎಂದಿದ್ದರೆ ಎಲ್‌ಎಫ್‌ಪಿ ಎನ್ನಲು ಒಂದು ಗುರುತು. 11.1 ಎಂದಿದ್ದರೆ ಅದು ಮೂರು ಸೆಲ್ಲಿನ ಎನ್‌ಎಂಸಿ, ವಾಪಸು ಕೊಟ್ಟುಬಿಡಿ.

ಚೀಟಿಯ ಮೇಲಿನ ಆಂಪಿಯರ್ ನಂಬಬೇಡಿ

ಲಿಥಿಯಂ ಬ್ಯಾಟರಿಯ ಚೀಟಿಯಲ್ಲಿ ಗ್ರಾಹಕರು ಹೆಚ್ಚು ಮೋಸಹೋಗುವ ಜಾಗ ಇದು. ದೊಡ್ಡ ಅಕ್ಷರದಲ್ಲಿ 12 ಆಂಪಿಯರ್-ಅವರ್ ಎಂದಿರುತ್ತದೆ. ಪಕ್ಕದಲ್ಲಿ ಸಣ್ಣಗೆ ‘ಪಿಬಿ ಇಕ್ಯೂ’ ಎಂಬ ಗುರುತು. ಪಿಬಿ ಎಂದರೆ ಸೀಸ. ಸೀಸದ 12 ಆಂಪಿಯರ್-ಅವರ್ ಬ್ಯಾಟರಿಯಷ್ಟು ಜೋರಾಗಿ ಸೆಲ್ಫ್ ತಿರುಗಿಸುತ್ತದೆ ಎಂಬುದು ತಯಾರಕರು ಹೇಳಿಕೊಳ್ಳುವ ಅರ್ಥ. ಅಷ್ಟು ವಿದ್ಯುತ್ ಒಳಗಿದೆ ಎಂದಲ್ಲ.

ನಿಜವಾದ ಸಾಮರ್ಥ್ಯ ಗೊತ್ತಾಗಬೇಕಾದರೆ ವಾಟ್-ಅವರ್ ಎಂಬ ಅಂಕಿ ಹುಡುಕಿ. ಲಿಥಿಯಂ ಬ್ಯಾಟರಿಯ ಸಾಗಣೆಗೆ ಅಂತಾರಾಷ್ಟ್ರೀಯ ನಿಯಮಗಳಿರುವುದರಿಂದ ಹೆಸರುಳ್ಳ ಕಂಪನಿಗಳು ಅದನ್ನು ಮುದ್ರಿಸುತ್ತವೆ. 48 ವಾಟ್-ಅವರ್ ಎಂದಿದ್ದರೆ 12.8ರಿಂದ ಭಾಗಿಸಿ: 3.75 ಆಂಪಿಯರ್-ಅವರ್. ‘12’ ಎಂದು ಕೊಂಡದ್ದು ನಿಜಕ್ಕೆ ನಾಲ್ಕೂ ಅಲ್ಲ. ವಾಟ್-ಅವರ್ ಅಂಕಿಯೇ ಇಲ್ಲದ ಬ್ಯಾಟರಿಯನ್ನು ಕೊಳ್ಳದಿರುವುದು ಒಳ್ಳೆಯದು.

ನಿತ್ಯ ಓಡುವ ಗಾಡಿಗೆ ಇದು ತೊಡಕಲ್ಲ. ಲಿಥಿಯಂ ತನ್ನೊಳಗಿನದನ್ನೆಲ್ಲ ಬೇಗ ಕೊಡಬಲ್ಲದು, ಬೇಗ ತುಂಬಿಸಿಕೊಳ್ಳಬಲ್ಲದು. ಆದರೆ ನಿಂತ ಗಾಡಿಯಲ್ಲಿ ಹೊಂಚು ಹಾಕುವ ಕಳ್ಳ ಇದ್ದಾನೆ: ಕೀಲಿ ತೆಗೆದ ಮೇಲೂ ಗಡಿಯಾರ, ಮೀಟರ್ ಬೋರ್ಡು, ಅಲಾರಂ, ಹೊರಗಿನಿಂದ ಹಾಕಿಸಿದ ಜಿಪಿಎಸ್ ಕದ್ದು ಕುಡಿಯುವ ಕರೆಂಟು. ಅದನ್ನೂ ಅಳೆಯಬಹುದು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಆ ವೈರಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಮಿಲಿಆಂಪಿಯರ್ ಸ್ಥಾನದಲ್ಲಿ ಸೇರಿಸಿ ಓದಿ. ಹೀಗೆ ಸೇರಿಸಿರುವಾಗ ಅಪ್ಪಿತಪ್ಪಿಯೂ ಕೀಲಿ ತಿರುವಬಾರದು, ಮೀಟರಿನ ಫ್ಯೂಸ್ ಸುಡುತ್ತದೆ. 2 ಮಿಲಿಆಂಪಿಯರ್ ತೋರಿಸಿದರೆ ತಿಂಗಳಿಗೆ ಸುಮಾರು 1.4 ಆಂಪಿಯರ್-ಅವರ್ ಹೋಗುತ್ತದೆ. ಮೇಲೆ ಹೇಳಿದ ಬ್ಯಾಟರಿ ಎರಡೂವರೆ ತಿಂಗಳಲ್ಲಿ ಬರಿದು. ಜಿಪಿಎಸ್ ಇದ್ದು 10 ಮಿಲಿಆಂಪಿಯರ್ ತೋರಿಸಿದರೆ ಹದಿನೈದೇ ದಿನ. ನಿಮ್ಮ ಗಾಡಿಯ ಹಳೆಯ ಸೀಸದ ಬ್ಯಾಟರಿ 8 ಆಂಪಿಯರ್-ಅವರ್ ಇದ್ದರೆ ಅದೇ ಕರೆಂಟಿಗೆ ಒಂದು ತಿಂಗಳು ತಡೆಯುತ್ತಿತ್ತು. ಲಿಥಿಯಂ ಹಾಕಿಸಿದ ಮೇಲೆ ಬೇಗ ಡೌನ್ ಆಯಿತೆಂಬ ದೂರಿನ ಹಿಂದೆ ಬಹಳ ಸಲ ಈ ಲೆಕ್ಕವೇ ಇರುತ್ತದೆ.

ಹಾಗಾಗಿ ಗಾಡಿಯ ಪುಸ್ತಕದಲ್ಲಿ ಹೇಳಿದ ಸೀಸದ ಅಳತೆಯ ಕನಿಷ್ಠ ಅರ್ಧದಷ್ಟಾದರೂ ನಿಜವಾದ ಸಾಮರ್ಥ್ಯ ಇರುವ ಲಿಥಿಯಂ ಆರಿಸಿ. ಬುಲೆಟ್ ಕಂಪನಿಯ ಹಳೆಯ ಯುಸಿಇ ಎಂಜಿನ್ನಿನ ಕ್ಲಾಸಿಕ್ 350ಕ್ಕೆ ಕೊಡುತ್ತಿದ್ದುದು 14 ಆಂಪಿಯರ್-ಅವರ್; 2021ರಲ್ಲಿ ಬಂದ ಹೊಸ ಕ್ಲಾಸಿಕ್‌ಗೆ 8. ಮೊದಲನೆಯದಕ್ಕೆ ನಿಜವಾದ 7, ಎರಡನೆಯದಕ್ಕೆ ನಿಜವಾದ 4-5 ಇದ್ದರೆ ನೆಮ್ಮದಿ.

ಯಾರಿಗೆ ಇದು ಸರಿ

ಹೈದರಾಬಾದ್, ಪುಣೆಗೆ ದುಡಿಯಲು ಹೋದವರ ಗಾಡಿಗಳು ಊರಲ್ಲಿ ತಿಂಗಳುಗಟ್ಟಲೆ ನಿಂತಿರುತ್ತವೆ. ಹಬ್ಬಕ್ಕೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಂದಾಗ ಮಾತ್ರ ಹೊರಬರುತ್ತವೆ. ಸೀಸದ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಬಾಳು ಇನ್ನೊಂದಿಲ್ಲ. ಚಾರ್ಜ್ ಇಳಿದ ಸ್ಥಿತಿಯಲ್ಲಿ ಬಿದ್ದಿದ್ದರೆ ಒಳಗಿನ ಫಲಕದ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂಡುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಎಲ್‌ಎಫ್‌ಪಿಗೆ ಈ ರೋಗವಿಲ್ಲ. ನೆಗೆಟಿವ್ ವೈರು ಬಿಚ್ಚಿಟ್ಟರೆ ತಾನಾಗಿ ಕಳೆದುಕೊಳ್ಳುವುದೂ ಬಲು ಕಡಿಮೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ಚಾರ್ಜ್ ಇಟ್ಟು ಹೋದರೆ ಆರು ತಿಂಗಳ ಬಳಿಕವೂ ಗಾಡಿ ಎತ್ತುತ್ತದೆ. ಇಂಥವರಿಗೆ ಲಿಥಿಯಂ ನಿಜಕ್ಕೂ ಉಪಕಾರಿ.

ಎರಡನೆಯವರು ಕಿಕ್ ಇಲ್ಲದ, 200 ಸಿಸಿಗೂ ಮೇಲಿನ ಗಾಡಿಯವರು, ದೂರ ಪ್ರಯಾಣ ಮಾಡುವವರು. ಬುಲೆಟ್ಟಿನ 14 ಆಂಪಿಯರ್-ಅವರ್ ಬ್ಯಾಟರಿ ನಾಲ್ಕೈದು ಕಿಲೋ ತೂಗುತ್ತದೆ, ಲಿಥಿಯಂ ಅದರ ಮೂರನೇ ಒಂದು ಪಾಲು. ಡುಕಾಟಿಯ ಪ್ಯಾನಿಗಾಲೆ ವಿ4 ಎಸ್‌ನಂಥ ಲಕ್ಷಗಟ್ಟಲೆ ಬೆಲೆಯ ಗಾಡಿಗೆ ಕಂಪನಿಯೇ ಲಿಥಿಯಂ ಹಾಕುವುದು ಈ ತೂಕಕ್ಕಾಗಿ. 112 ಕಿಲೋದ ಸ್ಪ್ಲೆಂಡರ್‌ನಲ್ಲಿ ಮುಕ್ಕಾಲು ಕಿಲೋ ಇಳಿಸಿದರೆ ಮೈಲೇಜಿನಲ್ಲಿ ಯಾವ ವ್ಯತ್ಯಾಸವೂ ಕಾಣದು. ಮೈಲೇಜು ಹೆಚ್ಚುತ್ತದೆಂದು ಹೇಳಿ ಮಾರುವವರನ್ನು ನಂಬಬೇಡಿ.

ಇನ್ನೊಂದು ವಿಚಾರಕ್ಕೆ ಗಮನ ಕೊಡಬೇಕು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಸದಾ ಉರಿಯುವಂತೆ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು ಬಹಳಷ್ಟು ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ಪಂಪು, ಇಂಜೆಕ್ಟರ್, ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಲ್ಲಕ್ಕೂ ಕರೆಂಟು ಬೇಕು. ಹಳೆಯ ಗಾಡಿಯಲ್ಲಿ ಬ್ಯಾಟರಿ ಕಿತ್ತೆಸೆದರೂ ಕಿಕ್ ಹೊಡೆದು ಮನೆ ಸೇರುತ್ತಿದ್ದೆವು. ಈಗ ಆ ಧೈರ್ಯವಿಲ್ಲ. ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ರಕ್ಷಣೆಯ ಬೋರ್ಡಿರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಅದು ಬ್ಯಾಟರಿಯನ್ನೇ ಸರ್ಕ್ಯೂಟಿನಿಂದ ಕಡಿದುಬಿಡುತ್ತದೆ. ಎಂಜಿನ್ ಜೋರಾಗಿ ಓಡುವಾಗ ಹೀಗಾದರೆ ಮ್ಯಾಗ್ನೆಟ್ಟಿನ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಒಮ್ಮೆಲೇ ಏರಿ ಇಸಿಯುಗೆ ಪೆಟ್ಟು ಬೀಳಬಹುದು. ಬಿಎಂಎಸ್ ಬೇಡವೆಂದಲ್ಲ, ಅದಿಲ್ಲದ ಬ್ಯಾಟರಿ ಕೊಳ್ಳಲೇಬಾರದು. ಆದರೆ ಅದು ಅಡ್ಡ ಬರುವ ಸಂದರ್ಭವೇ ಬಾರದಂತೆ ರೆಗ್ಯುಲೇಟರ್ ನೆಟ್ಟಗಿರಬೇಕು. ಮೀಟರ್ ಪರೀಕ್ಷೆಯನ್ನು ಮೊದಲಿಗೇ ಹೇಳಿದ್ದು ಇದಕ್ಕೆ. ಗಾಡಿ ಇನ್ನೂ ಕಂಪನಿಯ ವಾರಂಟಿಯಲ್ಲಿದ್ದರೆ ಬ್ಯಾಟರಿ ಜಾತಿ ಬದಲಿಸಬೇಡಿ. ನಾಳೆ ವೈರಿಂಗಿಗೆ ಏನಾದರೂ ಆದರೆ ಶೋರೂಮಿನವರು ಅದನ್ನೇ ತೋರಿಸುತ್ತಾರೆ.

ಹಾಕುವಾಗ, ಹಾಕಿದ ಮೇಲೆ

ಆನ್‌ಲೈನಿನಲ್ಲಿ ತರಿಸಿದ ಲಿಥಿಯಂ ಪೂರ್ತಿ ಚಾರ್ಜಾಗಿ ಬರುವುದಿಲ್ಲ. ಸರಕು ವಿಮಾನದಲ್ಲಿ ಸಾಗಿಸುವ ಬಿಡಿ ಲಿಥಿಯಂ ಬ್ಯಾಟರಿಯಲ್ಲಿ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದು ಎಂಬ ನಿಯಮ 2016ರಿಂದ ಇದೆ. ಹಾಗಾಗಿ ಗಾಡಿಗೆ ಹಾಕುವ ಮೊದಲು ಲಿಥಿಯಂಗೆಂದೇ ಇರುವ ಚಾರ್ಜರಿನಿಂದ ತುಂಬಿಸಿ. ಸಲ್ಫೇಟ್ ತೆಗೆಯುವ ಪಲ್ಸ್ ಬಿಡುವ ಸೀಸದ ಚಾರ್ಜರ್ ಇದಕ್ಕೆ ಆಗದು.

ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಎಲ್‌ಎಫ್‌ಪಿ 13.3 ವೋಲ್ಟಿನ ಹತ್ತಿರ ತೋರಿಸುತ್ತದೆ. ಸೀಸದ ಅಂದಾಜಿನಲ್ಲಿ ಪಳಗಿದ ಮೆಕ್ಯಾನಿಕ್ 12.8 ನೋಡಿ “ಫುಲ್ ಅದ” ಎಂದಾನು. ಲಿಥಿಯಂನಲ್ಲಿ 12.8 ಎಂದರೆ ಐದರಲ್ಲಿ ಒಂದು ಪಾಲು ಉಳಿದಿದೆ ಎಂದರ್ಥ. ಈ ಎರಡೂ ಅಂಕಿಗಳನ್ನು ಬ್ಯಾಟರಿ ಡಬ್ಬಿಯ ಮುಚ್ಚಳದೊಳಗೆ ಬರೆದಿಡಿ.

ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ಪಾಸಿಟಿವ್ ಮೊದಲು. ಲಿಥಿಯಂ ಗಾತ್ರದಲ್ಲಿ ಚಿಕ್ಕದಾದ್ದರಿಂದ ಡಬ್ಬಿಯಲ್ಲಿ ಅಲುಗಾಡುತ್ತದೆ; ಜೊತೆಗೆ ಬರುವ ಫೋಮಿನ ತುಂಡುಗಳನ್ನು ಎಸೆಯದೆ ಸುತ್ತ ತುಂಬಿ. ಹೊಲದ ದಾರಿಯ ಕುಲುಕಾಟಕ್ಕೆ ಸಡಿಲ ಬ್ಯಾಟರಿಯ ಟರ್ಮಿನಲ್ಲೇ ಮುರಿಯುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಮೊದಲ ಒತ್ತಿಗೆ ಸೆಲ್ಫ್ ಮಂದವಾಗಿ ತಿರುಗಿದರೆ ಗಾಬರಿ ಬೇಡ. ಕೀಲಿ ತಿರುವಿ ಅರ್ಧ ನಿಮಿಷ ಇಂಡಿಕೇಟರ್ ಅಥವಾ ಲೈಟು ಉರಿಸಿ, ಒಳಗಿನ ಸೆಲ್‌ಗಳು ಸ್ವಲ್ಪ ಬೆಚ್ಚಗಾಗುತ್ತವೆ, ಆಮೇಲೆ ಒತ್ತಿ. ಪೂರ್ತಿ ಸತ್ತ ಲಿಥಿಯಂಗೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಡಬೇಡಿ. ಉಬ್ಬಿದ ಬ್ಯಾಟರಿಯನ್ನು ಅವತ್ತೇ ತೆಗೆದು ಮನೆಯಿಂದ ಹೊರಗೆ, ಸುಡುವ ವಸ್ತುಗಳಿಂದ ದೂರ ಇಡಿ.

ಸೀಸವೇ ಸಾಕು ಎಂದವರಿಗೆ

ಓದುಗರಲ್ಲಿ ಹೆಚ್ಚಿನವರು ಈ ಗುಂಪಿನವರೇ. ಅವರಿಗೂ ಹಣ ಉಳಿಸುವ ಮಾತಿದೆ. ಹೊಸ ಬ್ಯಾಟರಿಗೆ ಅಂಗಡಿಯಲ್ಲಿ ಆಸಿಡ್ ತುಂಬಿಸಿದ ಕೂಡಲೇ ಗಾಡಿಗೆ ಕಟ್ಟಿಸಿಕೊಂಡು ಹೊರಡುವುದು ನಮ್ಮ ರೂಢಿ. ಅದರಿಂದ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ಆಸಿಡ್ ತುಂಬಿ ಅರ್ಧ ತಾಸು ಬಿಟ್ಟು, ಕಂಪನಿ ಹೇಳಿದಷ್ಟು ಹೊತ್ತು ನಿಧಾನವಾಗಿ ಮೊದಲ ಚಾರ್ಜ್ ಮಾಡಿಸಲೇಬೇಕು. “ಸಂಜೀಕ ಬಂದು ಒಯ್ತೀನಿ, ಚಾರ್ಜಿಗೆ ಹಚ್ಚಿಡ್ರಿ” ಎಂದು ಹೇಳಿ ಸಂತೆ ಮುಗಿಸಿ ಬನ್ನಿ. ತಯಾರಾದ ತಿಂಗಳನ್ನು ನೋಡಿಕೊಳ್ಳಿ; ಮೊದಲೇ ಆಸಿಡ್ ತುಂಬಿ ಸೀಲ್ ಮಾಡಿದ ಬ್ಯಾಟರಿ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಬೇರೆಯದು ಕೇಳಿ. ಗಾಡಿ ನಿಲ್ಲಿಸಿ ಊರಿಗೆ ಹೋಗುವವರು ನೆಗೆಟಿವ್ ವೈರು ಬಿಚ್ಚಿ ಹೋಗಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಉಪಯೋಗವಿಲ್ಲ, ಸೆಲ್ಫ್ ತಿಂದದ್ದನ್ನು ಐಡಲ್ ತುಂಬಿಕೊಡುವುದಿಲ್ಲ. ಅರ್ಧ ತಾಸು ಓಡಿಸುವಷ್ಟು ಪುರಸತ್ತಿದ್ದರೆ ಮಾತ್ರ ಸ್ಟಾರ್ಟ್ ಮಾಡಿ.

ಬಿಲ್ಲು, ವಾರಂಟಿ, ಹಳೆಯ ಬ್ಯಾಟರಿ

2025ರ ಸೆಪ್ಟೆಂಬರ್ 22ರಿಂದ ಸೀಸದ ಬ್ಯಾಟರಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಲಿಥಿಯಂಗೆ 2018ರಿಂದಲೇ 18 ಇತ್ತು. ಬಿಲ್ಲಿನಲ್ಲಿ 28 ಹಾಕಿದ್ದರೆ ಕೇಳಿ. ಬಿಲ್ಲೇ ಇಲ್ಲದೆ ಕಡಿಮೆ ದರಕ್ಕೆ ಕೊಡುತ್ತೇವೆಂದರೆ ವಾರಂಟಿ ಬಿಟ್ಟಂತೆ. ಲಿಥಿಯಂ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕೆಟ್ಟರೆ ಬದಲಿ ಎಲ್ಲಿ ಸಿಗುತ್ತದೆ? ಹುಮನಾಬಾದ್, ಬೀದರ, ಕಲಬುರಗಿಯಲ್ಲಿ ಡೀಲರ್ ಇದ್ದರೆ ಸರಿ. ಕೊರಿಯರ್ ಮಾಡಬೇಕಿದ್ದರೆ ಕೆಟ್ಟ ಲಿಥಿಯಂ ಬ್ಯಾಟರಿಯನ್ನು ಒಯ್ಯಲು ಬಹಳ ಕೊರಿಯರಿನವರು ಒಪ್ಪುವುದಿಲ್ಲ, ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಹತ್ತಿರದಲ್ಲಿ ಬದಲಿ ಸಿಗದ ಬ್ಯಾಟರಿಯ ಐದು ವರ್ಷದ ವಾರಂಟಿಗಿಂತ ಹುಮನಾಬಾದಿನಲ್ಲೇ ಬದಲಾಯಿಸಿಕೊಡುವ ಎರಡು ವರ್ಷದ ವಾರಂಟಿ ನನಗೆ ಹೆಚ್ಚು ಬೆಲೆಯುಳ್ಳದ್ದು. ಬಿಲ್ಲು ಕೈಯಲ್ಲಿದ್ದೂ ಬದಲಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬೀದರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವೂ ಇದೆ.

ಹಳೆಯ ಸೀಸದ ಬ್ಯಾಟರಿಗೆ ಅಂಗಡಿಯವರು ಗುಜರಿ ಬೆಲೆ ಕಳೆದು ಕೊಡುತ್ತಾರೆ, ಲಿಥಿಯಂಗೆ ಅಷ್ಟು ಬೆಲೆ ಸಿಗದು; ದರ ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಯಾವುದೇ ಜಾತಿಯ ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಮನೆಯ ಕಸದೊಂದಿಗೆ ಬೆರೆಸದೆ ಕೊಡುವ ಹೊಣೆ ನಮ್ಮದು. ಸೀಸ ಮಕ್ಕಳ ಮಿದುಳಿಗೆ ವಿಷ. ಹಳೆಯ ಬ್ಯಾಟರಿಯ ಆಸಿಡ್ಡನ್ನು ಬಾವಿ, ಹೊಲ, ಚರಂಡಿಗೆ ಸುರಿಯಬೇಡಿ, ಬಿಚ್ಚಿ ಸೀಸ ಕರಗಿಸುವವರಿಗೆ ಕೊಡಬೇಡಿ. ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಕೊಟ್ಟು, ಬಿಲ್ಲಿನಲ್ಲಿ ಅದನ್ನು ನಮೂದಿಸಿಕೊಂಡು ಬನ್ನಿ.